ಸವಾರ ಉಜ್ಜನಪ್ಪನ ಸರ್ವೀಸ್ ಕಾಗದ

ಏಕಾಂತಪ್ಪ ಅವತ್ತು ಸುಮ್ಮನೆ ಉಪ್ಪಿಟ್ಟು ತಿಂದಿದ್ದರೆ ಸಾಕಿತ್ತು. ಭದ್ರಾವತಿಯಿಂದ ಗಂಡಿನವರು ಹೆಣ್ಣು ನೋಡಲು ದುರ್ಗಿಗುಡಿಯ ಅವನ ಮನೆಗೆ ಬಂದಿದ್ದರು. ಮಗಳು ಜಯಶೀಲಾ ತಟ್ಟೆಗಳನ್ನು ಇಟ್ಟು ಒಳಗೆ ಹೋಗಿದ್ದಳು. ಹುಡುಗ ಶಿವಶಂಕರಪ್ಪ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದ. ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಬೇರೆ ಇಲ್ಲವೆಂದು ಏಕಾಂತಪ್ಪನ ಹೆಂಡತಿ ದಾಕ್ಷಾಯಣಿ ಅಡುಗೆಮನೆಯಲ್ಲಿ ನಿಂತೇ ತೀರ್ಮಾನಿಸಿದ್ದಳು. ಆಗ ಹುಡುಗನ ತಂದೆ ಮುರುಗೇಶಪ್ಪನವರು, "ನಿಮ್ಮ ತಂದೆಯೋರು ಏನ್ ಮಾಡ್ಕೊಂಡಿದ್ರು?" ಎಂದು ಕೇಳಿದರು.

ಪಾತ್ರೆ ಅಂಗಡಿ ಎಂದಿದ್ದರೆ ಮಾತು ಮುಗಿಯುತ್ತಿತ್ತು. ಆ ಅಂಗಡಿಯನ್ನೇ ಏಕಾಂತಪ್ಪ ಈಗಲೂ ನಡೆಸುತ್ತಿದ್ದ. ಆದರೆ ಕಬ್ಬಿಣದ ಕಾರ್ಖಾನೆಯ ಫೋರ್‌ಮನ್ ಎದುರಿಗೆ ಕೂತಾಗ ಹಿತ್ತಾಳೆ ಬಿಂದಿಗೆ ಸಣ್ಣದಾಗಿ ಕಂಡಿತು.

"ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರ್ರು. ಮೊದಲ್ನೇ ಮಹಾಯುದ್ಧದಲ್ಲಿ ಕುದುರೆ ಹತ್ತಿ, ಈಟಿ ಹಿಡ್ಕೊಂಡು ಟರ್ಕಿಯೋರನ್ನ ಅಟ್ಟಿಸ್ಕೊಂಡು ಹೋದೋರು. ಮೂರು ಮೆಡಲ್ಲು" ಎಂದ.

"ಎಲ್ಲಿವೆ ಮೆಡಲ್ಲು?"

"ಕಳ್ದೋದ್ವು."

ಮುರುಗೇಶಪ್ಪನವರು ಮೂವತ್ತು ವರ್ಷ ಎರಕದ ಕಬ್ಬಿಣ ನೋಡಿದವರು. ಬಿರುಕಿದ್ದರೆ ಅವರಿಗೆ ತಟ್ಟಿದಾಗಲೇ ತಿಳಿಯುತ್ತಿತ್ತು. "ಯಾವೂರಿಂದ ಹೋಗಿ ಸೇರಿದ್ರು?" ಎಂದು ಇನ್ನೊಂದು ಕಡೆ ತಟ್ಟಿದರು. ಇದು ಏಕಾಂತಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಪ್ಪ ಉಜ್ಜನಪ್ಪ, ಊರಿನ ಮಾತೆತ್ತಿದರೆ "ಕುದುರೆ ಹತ್ತಿದೋನಿಗೆ ಯಾವ ಊರೋ" ಎಂದು ಎದ್ದು ಹೋಗುತ್ತಿದ್ದ. ಕೊನೆಗೆ ಊರು ಹೇಳದೆಯೇ ತೀರಿಕೊಂಡಿದ್ದ.

"ನೋಡಿ, ಸವಾರ್ರಾಗಿದ್ರೋ, ಲಾಯದಲ್ಲಿ ಲದ್ದಿ ಬಾಚ್ತಿದ್ರೋ, ನಮಗೆ ಹೆಂಗ್ ಗೊತ್ತಾಗ್ಬೇಕು? ಮಿಲಿಟರಿ ಅಂದ್ಮೇಲೆ ಕಾಗದ ಇದ್ದೇ ಇರುತ್ತೆ. ತರಿಸಿ, ನೋಡೋಣ. ಹರಿಹರದೋರೂ ಒಂದು ಹೆಣ್ಣು ತೋರ್ಸಿದಾರೆ. ಮಾಘದ ಹುಣ್ಣಿಮೆವರೆಗೂ ಕಾಯ್ತೀವಿ" ಎಂದು ಮುರುಗೇಶಪ್ಪನವರು ಎದ್ದರು.

ಏಕಾಂತಪ್ಪ ಬೆಂಗಳೂರಿನ ಕಚೇರಿಯೊಂದಕ್ಕೆ ಅರ್ಜಿಯ ಮೇಲೆ ಅರ್ಜಿ ಹಾಕಿದ. ಉತ್ತರ ಬಂದದ್ದು ೧೯೫೯ರ ಮಾಘ ಹುಣ್ಣಿಮೆಯ ದಿನವೇ, ಬೆಳಗಿನ ಟಪಾಲಿನಲ್ಲಿ.

ಲಕೋಟೆಯಲ್ಲಿ ಒಂದೇ ಹಾಳೆ ಇತ್ತು. ತಲೆಯಲ್ಲಿ ಉಜ್ಜನಪ್ಪನ ಹೆಸರನ್ನು ಟೈಪು ಮಾಡಿದ್ದರು. ಅದರ ಕೆಳಗೆ ಇದ್ದದ್ದು ಕೈಬರಹ. ಒಣಗಲು ಹಾಕಿದ ಶ್ಯಾವಿಗೆಯ ಮೇಲೆ ಕೋಳಿ ಓಡಾಡಿದರೆ ಹೇಗಿರುತ್ತದೆಯೋ ಹಾಗಿತ್ತು. ಅಡಿಯಲ್ಲಿ ಮತ್ತೆ ಟೈಪು: "ಮೂಲದ ಬರಹವನ್ನು ಓದಲಾಗದ ಕಾರಣ ಅಕ್ಷರಗಳನ್ನು ಕಂಡ ಆಕಾರದಲ್ಲೇ ಬರೆಯಲಾಗಿದೆ. ಇದು ಯಥಾವತ್ ನಕಲು." ಪಕ್ಕದಲ್ಲಿ ದುಂಡನೆಯ ಮೊಹರು. ಇಡೀ ಹಾಳೆಯಲ್ಲಿ ಸಲೀಸಾಗಿ ಓದಲು ಬರುತ್ತಿದ್ದದ್ದು ಓದಲಾಗುವುದಿಲ್ಲ ಎಂಬ ಆ ಮಾತು ಮಾತ್ರ.

ಏಕಾಂತಪ್ಪ ಬಿಂದಿಗೆಗಳ ಮೇಲೆ ಮದುಮಕ್ಕಳ ಹೆಸರು ಕೊರೆದು ಕೈ ಪಳಗಿದವನು. ಅಕ್ಷರ ಎಂದರೆ ಒಂದಕ್ಕೊಂದು ತಾಗದೆ ನಿಲ್ಲಬೇಕು ಎನ್ನುವುದು ಅವನ ನಂಬಿಕೆ. ಇಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದು ಮಲಗಿದ್ದವು. ಹಾಳೆ ಹಿಡಿದುಕೊಂಡು ಪಕ್ಕದ ಮನೆಗೆ ಓಡಿದ. ಅಲ್ಲಿದ್ದವರು ನರಸಿಂಹಮೂರ್ತಿ ಮೇಷ್ಟರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು.

ಮೇಷ್ಟರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. "ಇಂಗ್ಲಿಷೇ. ಆದ್ರೆ ಒಳ್ಳೇ ಇಂಗ್ಲಿಷಲ್ಲ."

"ಏನಂತ ಬರ್ದಿದೆ ಮೇಷ್ಟ್ರೇ?"

"ಅದು ಆಮೇಲೆ. ಮೊದ್ಲು ವಾಕ್ಯ ಎಲ್ಲಿ ಮುಗೀತು ಅಂತ ಗೊತ್ತಾಗ್ಬೇಡ್ವೇ?"

ಸರ್ವೀಸಿನಲ್ಲಿದ್ದಾಗ ಅವರು ಅರ್ಥವಾಗದ ಉತ್ತರವನ್ನು ಎರಡನೇ ಸಲ ಓದಿದವರಲ್ಲ. ಕಿವಿಯ ಸಂದಿಯಲ್ಲಿದ್ದ ಕೆಂಪು ಪೆನ್ಸಿಲು ತಾನಾಗಿ ಕೈಗೆ ಬಂತು. ಏಕಾಂತಪ್ಪ ಹಾಂ ಹಾಂ ಎನ್ನುವುದರೊಳಗೆ ನಾಲ್ಕು ಕಡೆ ಸುತ್ತು ಬಿತ್ತು. ಮೇಲಿನ ಮೂಲೆಯಲ್ಲಿ ಹದಿನೆಂಟು ಎಂಬ ಅಂಕ ಮೂಡಿ, ಅದರಡಿ ಎರಡು ಗೆರೆಯೂ ಎಳೆದಾಯಿತು.

"ಅಯ್ಯೋ, ಸರ್ಕಾರದ ಕಾಗದ ಮೇಷ್ಟ್ರೇ."

"ಸರ್ಕಾರವಾದ್ರೂ ಫೇಲೇ."

ಕೆಟ್ಟ ಬರಹ ಓದಬಲ್ಲವನು ಬೀದಿಯಲ್ಲಿ ಇನ್ನೊಬ್ಬನಿದ್ದ. ಡಾಕ್ಟರ ಷಾಪಿನ ಕಾಂಪೌಂಡರ್ ಗೋವಿಂದಯ್ಯ. ಡಾಕ್ಟರು ಬರೆದದ್ದನ್ನು ಡಾಕ್ಟರಿಗೇ ಓದಿ ಹೇಳುತ್ತಾನೆಂದು ಅವನಿಗೆ ಹೆಸರಿತ್ತು. ಬೆಂಚಿನ ತುಂಬ ರೋಗಿಗಳು ಕೂತಿದ್ದಾಗಲೇ ಅವನು ಹಾಳೆಯನ್ನು ಬೆಳಕಿಗೆ ಹಿಡಿದ.

"ಇಲ್ಲಿ ಆಮಶಂಕೆ."

"ಏನು?"

"ಆಮಶಂಕೆ ಸಾಹುಕಾರ್ರೇ. ಇಲ್ಲಿ ಮತ್ತೆ ಆಮಶಂಕೆ. ಇದೊಂದು ಕುರು. ಕೂರೋ ಜಾಗದಲ್ಲಿ."

"ಈಟಿ ಎಲ್ಲಾದ್ರೂ ಇದ್ಯಾ ನೋಡು ಮಾರಾಯ."

ಗೋವಿಂದಯ್ಯ ಹಾಳೆಯನ್ನು ತಿರುಗಿಸಿಯೂ ನೋಡಿದ. "ಈಟಿ ಕಾಣಲ್ಲ. ಎನಿಮಾ ಇದೆ."

ಏಕಾಂತಪ್ಪ ಅಂಗಡಿಯ ಕದ ಎಳೆದು ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಬಂದಿತ್ತು. "ಏನ್ರೀ, ಮಾವನೋರು ಯುದ್ಧ ಪೂರ್ತಿ ಪಾಯಖಾನೇಲೇ ಕಳದ್ರಂತೆ? ಔಷಧಿಗೆ ಹೋಗಿದ್ದ ಚೌಡಮ್ಮ ಹೇಳಿಹೋದ್ಲು" ಎಂದಳು ದಾಕ್ಷಾಯಣಿ. "ಇದನ್ನ ತಗೊಂಡ್ಹೋಗಿ ಬೀಗರ ಮುಂದೆ ಇಡ್ತೀರಾ? ಹರಿಹರದೋರು ಕಾಯ್ಕೊಂಡ್ ಕೂತಿದಾರೆ."

ಏಕಾಂತಪ್ಪ ಊಟ ಮಾಡಲಿಲ್ಲ. ಹಾಳೆಯನ್ನೇ ನೋಡುತ್ತ ಕೂತವನಿಗೆ ಒಂದು ವಿಚಾರ ಹೊಳೆಯಿತು. ಕಚೇರಿಯವರು ಓದಲಾರದ್ದನ್ನು, ಮೇಷ್ಟರು ಓದಲಾರದ್ದನ್ನು ಮುರುಗೇಶಪ್ಪ ಓದುವುದುಂಟೇ? ಯಾರೂ ಓದಲಾಗದ ಮೇಲೆ ತಾನು ಓದಿಸಿದ್ದೇ ಓದು. ಮತ್ತೆ ಮೇಷ್ಟರ ಮನೆಗೆ ಹೋಗಿ, ಭದ್ರಾವತಿಗೆ ಬಂದು ಕಾಗದ ಓದಿಕೊಡಬೇಕೆಂದು ಕೇಳಿ, ಅದರಲ್ಲಿ ಏನೇನಿರಬೇಕು ಎನ್ನುವುದನ್ನೂ ತಿಳಿಸಿದ.

"ನಾನು ಸುಳ್ಳು ಹೇಳೋನಲ್ಲ ಏಕಾಂತಪ್ಪನೋರೇ" ಎಂದರು ಮೇಷ್ಟರು. ಆಮೇಲೆ, "ನೀವು ಬರ್ಕೊಡಿ. ಬರ್ದಿದ್ದನ್ನ ಓದ್ತೀನಿ. ಓದೋದು ಸುಳ್ಳಾಗಲ್ಲ" ಎಂದು ಕೋಟು ಹಾಕಿಕೊಂಡರು.

ಕರೆಯದಿದ್ದರೂ ಗೋವಿಂದಯ್ಯ ಸ್ಟೇಷನ್ನಿಗೆ ಬಂದ. ರೋಗದ ಭಾಗಕ್ಕೆ ತಾನಿಲ್ಲದಿದ್ದರೆ ಹೇಗೆ ಎಂದು ಅವನ ವಾದ. ರೈಲಿನಲ್ಲಿ ಮೂವರೂ ಸೇರಿ ಉಜ್ಜನಪ್ಪನನ್ನು ಮೊದಲು ದಫೇದಾರನನ್ನಾಗಿ, ಆಮೇಲೆ ಜಮಾದಾರನನ್ನಾಗಿ ಮಾಡಿದರು. ಎದುರಿಗೆ ಕೂತ ಪ್ರಯಾಣಿಕನೊಬ್ಬ ಇನ್ನೂ ಮೇಲಕ್ಕೆ ಹೋಗಬಹುದೆಂದು ಸೂಚಿಸಿದ, ಮೇಷ್ಟರು ಒಪ್ಪಲಿಲ್ಲ.

"ಯುದ್ಧಕ್ಕೆ ಹೋದೋರಿಗೆ ಒಂದು ಗಾಯ ಬೇಡ್ವಾ?" ಎಂದ ಗೋವಿಂದಯ್ಯ. "ಆ ಕುರುವನ್ನೇ ಗುಂಡೇಟು ಮಾಡೋಣ."

"ಕೂರೋ ಜಾಗದಲ್ಲಿ ಗುಂಡೇಟು ಅಂದ್ರೆ ಬೆನ್ನು ತೋರ್ಸಿ ಓಡ್ತಿದ್ರು ಅಂತಾಗುತ್ತಲ್ಲಯ್ಯ."

ಭದ್ರಾವತಿಯ ಚಿಮಣಿಗಳು ಕಾಣುವ ಹೊತ್ತಿಗೆ ಕುರು ಭುಜಕ್ಕೆ ಏರಿತ್ತು.

ಕಾರ್ಖಾನೆಯ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಎಲ್ಲವೂ ಸಿದ್ಧವಾಗಿತ್ತು. ಮುರುಗೇಶಪ್ಪನವರು ಮಂಚದ ಮೇಲೆ ಕೂತಿದ್ದರು. ಹುಡುಗ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಿಟಕಿಯ ಹತ್ತಿರ ನಿಂತಿದ್ದ. ಒಳಬಾಗಿಲ ಹೊಸ್ತಿಲ ಆಚೆಗೆ ಮುರುಗೇಶಪ್ಪನವರ ತಾಯಿ ಉಚ್ಚಂಗಮ್ಮ ಗೋಡೆಗೊರಗಿ ಕೂತಿದ್ದರು. ಮೇಜಿನ ಮೇಲಿನ ತಟ್ಟೆಯಲ್ಲಿ ಎಲೆ ಅಡಿಕೆ, ಸಕ್ಕರೆ, ತೆಂಗಿನಕಾಯಿ. ಮಾತು ಕೂಡಿಬಂದರೆ ಅಲ್ಲೇ ಮುಗಿಸುವ ಏರ್ಪಾಡು.

ಏಕಾಂತಪ್ಪ ಹಾಳೆಯನ್ನು, ಅದರ ಹಿಂದೆ ರೈಲಿನಲ್ಲಿ ಬರೆದ ಚೀಟಿಯನ್ನೂ ಸೇರಿಸಿ, ಮೇಷ್ಟರ ಕೈಗೆ ಕೊಟ್ಟ. ಮೇಷ್ಟರು ಗಂಟಲು ಸರಿಮಾಡಿಕೊಂಡರು.

"ಮೇಷ್ಟ್ರಿಗ್ಯಾಕೆ ತೊಂದ್ರೆ" ಎಂದರು ಮುರುಗೇಶಪ್ಪನವರು. "ಪಕ್ಕದ ಮನೇಲೇ ಲಕ್ಷ್ಮೀಕಾಂತ ಇದಾರೆ. ಮಿಲಿಟರಿ ಆಫೀಸಲ್ಲಿ ಗುಮಾಸ್ತರಾಗಿದ್ದೋರು. ಇಂಥಾ ಬರಹ ಓದೀ ಓದೀನೇ ಪೆನ್ಷನ್ ತಗೊಂಡಿರೋದು. ಹೇಳಿಕಳ್ಸಿದೀನಿ."

ಏಕಾಂತಪ್ಪ ಹಾಳೆಯ ಹಿಂದಿನ ಚೀಟಿಯನ್ನು ಮೆಲ್ಲಗೆ ಎಳೆದು ಜೇಬಿಗೆ ಹಾಕಿಕೊಂಡ.

ಲಕ್ಷ್ಮೀಕಾಂತ ಬಂದು ಹಾಳೆ ತೆಗೆದುಕೊಂಡರು. "ಇದಕ್ಯಾರು ಮಾರ್ಕ್ಸ್ ಹಾಕಿದ್ದು?" ಎಂದರು. ಮೇಷ್ಟರು ತೊಲೆಗಳನ್ನು ಎಣಿಸುತ್ತಿದ್ದರು. ಲಕ್ಷ್ಮೀಕಾಂತ ಮುಂದೆ ಪ್ರಶ್ನೆ ಕೇಳದೆ, ಪಂಚಾಂಗ ಓದುವಷ್ಟೇ ಸರಾಗವಾಗಿ ಶುರುಮಾಡಿದರು.

"ಹುದ್ದೆ, ಸವಾರ. ಈಟಿ ಅಭ್ಯಾಸದಲ್ಲಿ ಎರಡನೇ ದರ್ಜೆ. ಈಜಿಪ್ಟಿನಲ್ಲಿ ಸೇವೆ, ಆಮೇಲೆ ಪ್ಯಾಲೆಸ್ಟೈನು. ನಡತೆ ಬಹಳ ಒಳ್ಳೇದು. ಮೆಡಲ್ಲು ಮೂರು."

ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಏಕಾಂತಪ್ಪನಿಗೆ. ಅಂದು ಅಪ್ಪನ ಕುದುರೆ ಬಡಾಯಿಗೆ ತನ್ನದನ್ನೂ ಸೇರಿಸಿ ಬಾಯಿಗೆ ಬಂದದ್ದನ್ನು ಹೇಳಿದ್ದ. ಅದು ನಿಜವಿರಬಹುದೆಂದು ಅವನು ಯೋಚಿಸಿರಲೇ ಇಲ್ಲ.

"ಆಮಶಂಕೆ, ಎರಡು ಸಲ" ಎಂದರು ಲಕ್ಷ್ಮೀಕಾಂತ.

"ನಾನು ಹೇಳ್ಲಿಲ್ವಾ" ಎಂದ ಗೋವಿಂದಯ್ಯ, ಯಾರೂ ಕೇಳದಿದ್ದರೂ.

ಮುರುಗೇಶಪ್ಪನವರು ಎದ್ದು ನಿಂತರು. "ತಪ್ಪು ತಿಳ್ಕೊಂಡಿದ್ದೆ ಏಕಾಂತಪ್ಪನೋರೇ. ಇಂಥಾ ಮನೆತನದ ಹೆಣ್ಣು ಸಿಗೋಕೆ ಪುಣ್ಯ ಬೇಕು" ಎಂದು ತಟ್ಟೆಯನ್ನು ಕೈಗೆತ್ತಿಕೊಂಡರು. ಹುಡುಗ ಕಿಟಕಿಯ ಆಚೆಗೆ ನೋಡಿ ನಕ್ಕ.

"ಇನ್ನೊಂದು ಸಾಲಿದೆ" ಎಂದರು ಲಕ್ಷ್ಮೀಕಾಂತ. "ಸವಾರ ಸತ್ರೆ ಯಾರಿಗೆ ತಿಳಿಸ್ಬೇಕು ಅನ್ನೋದು. ಬಿಡಿ, ಈಗ್ಯಾಕೆ ಅದು."

ಇಲ್ಲಿ ಏಕಾಂತಪ್ಪ ಸುಮ್ಮನಿರಬಹುದಾಗಿತ್ತು. ಆದರೆ ಅಪ್ಪನ ಕೀರ್ತಿಯಲ್ಲಿ ಒಂದು ಸಾಲು ವ್ಯರ್ಥವಾಗುವುದು ಅವನಿಗೆ ಇಷ್ಟವಾಗಲಿಲ್ಲ. "ಓದಿ ಸ್ವಾಮಿ, ಪೂರ್ತಿ ಓದಿ" ಎಂದ.

"ತಂದೆ, ಏಕಾಂತಪ್ಪ. ಚನ್ನಗಿರಿ ತಾಲ್ಲೂಕು, ಹಾಲುಕಟ್ಟೆ ಗ್ರಾಮ. ಅವರಿಲ್ದಿದ್ರೆ ಅಣ್ಣ, ಗುರುಶಾಂತಪ್ಪ."

ಒಳಬಾಗಿಲಲ್ಲಿ ಉಚ್ಚಂಗಮ್ಮ ಥಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಗಂಡನ ಹೆಸರನ್ನು ಯಾರಾದರೂ ಎತ್ತಿದರೆ ಮಾತ್ರ ಅವರು ಹಾಗೆ ಮಾಡುತ್ತಿದ್ದದ್ದು. ಮುರುಗೇಶಪ್ಪನವರು ತಟ್ಟೆ ಹಿಡಿದವರು ಹಾಗೇ ನಿಂತರು. ಗುರುಶಾಂತಪ್ಪ ಎನ್ನುವುದು ಅವರ ತಂದೆಯ ಹೆಸರು. ಹಾಲುಕಟ್ಟೆ ಅವರ ಊರು.

ಉಚ್ಚಂಗಮ್ಮ ಎದ್ದು, ಹೊಸ್ತಿಲು ದಾಟಿ, ಏಕಾಂತಪ್ಪನ ಮುಂದೆ ಬಂದು ನಿಂತರು.

"ಆ ಎಮ್ಮೆ ಏನ್ ಮಾಡ್ದ ನಿಮ್ಮಪ್ಪ?"

"ಯಾವ ಎಮ್ಮೆ ಅವ್ವಾ?"

"ಸಂತೆಗೆ ಹೊಡ್ಕೊಂಡು ಹೋಗಿ ಮಾರ್ಕೊಂಡು ಬಾ ಅಂತ ಕಳ್ಸಿದ್ರು. ಎಮ್ಮೆನೂ ಬರ್ಲಿಲ್ಲ, ದುಡ್ಡೂ ಬರ್ಲಿಲ್ಲ, ಇವ್ನೂ ಬರ್ಲಿಲ್ಲ. ನಮ್ಮತ್ತೆ ಸಾಯೋತನಕ ಎಮ್ಮೆ ಬಂತಾ ಅಂತ್ಲೇ ಕೇಳ್ತಿದ್ಲು." ಅಷ್ಟು ಹೇಳಿ ಮುದುಕಿ ಅವನ ಮುಖವನ್ನು ಎರಡೂ ಕೈಯಿಂದ ಹಿಡಿದು ನೋಡಿದರು. "ಅದೇ ಮೂಗು. ನನ್ ಮೈದುನಂದೇ ಮೂಗು ಕಣೋ ಮುರುಗೇಶಾ" ಎಂದು ಅತ್ತರು.

ಅಣ್ಣತಮ್ಮಂದಿರ ಮಕ್ಕಳು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಲಕ್ಷ್ಮೀಕಾಂತ ಕಣ್ಣೊರೆಸಿಕೊಂಡರು. ಕಾಗದ ಎಷ್ಟು ದೂರ ಕರೆದುಕೊಂಡು ಬಂತು ನೋಡಿ ಎಂದು ಮೇಷ್ಟರು ಗೋವಿಂದಯ್ಯನಿಗೆ ಹೇಳುತ್ತಿದ್ದರು. ಕಿಟಕಿಯ ಹತ್ತಿರ ಹುಡುಗನ ನಗು ಮಾತ್ರ ನಿಧಾನವಾಗಿ ಇಳಿಯಿತು. ಅವನು ಮುಂದೆ ಬಂದು ಏಕಾಂತಪ್ಪನ ಕಾಲು ಮುಟ್ಟಿ, "ಚಿಕ್ಕಪ್ಪಾ" ಎಂದ.

ಆ ಒಂದು ಮಾತಿನಿಂದ ಜಯಶೀಲಾ ಅವನಿಗೆ ತಂಗಿಯಾದಳು. ಮುರುಗೇಶಪ್ಪನವರು ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ದೇವ್ರು ದೊಡ್ಡೋನು. ತಟ್ಟೆ ಕೊಡೋಕೆ ಮುಂಚೆ ಕಣ್ಣು ಬಿಡ್ಸಿದ" ಎಂದರು. ಆಮೇಲೆ, ಅಷ್ಟು ಹೊತ್ತು ಬಹುವಚನದಲ್ಲಿದ್ದವರು ಅಣ್ಣನ ಹಕ್ಕಿನಿಂದ ಏಕವಚನಕ್ಕೆ ಇಳಿದರು: "ನಾಳೇನೇ ಹರಿಹರದೋರಿಗೆ ಒಪ್ಪಿಗೆ ಹೇಳ್ಬೇಕು. ನೀನೂ ಬರ್ಬೇಕಪ್ಪ. ಹುಡುಗನ ಚಿಕ್ಕಪ್ಪ ಇಲ್ದೆ ನಡೆಯುತ್ತಾ?"

ಏಕಾಂತಪ್ಪ ಮನೆಗೆ ಬಂದಾಗ ದೀಪ ಹಚ್ಚಿದ್ದರು. ದಾಕ್ಷಾಯಣಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಾಯ್ತು? ಕಾಗದ ಓದಿದ್ರಾ?"

"ಓದಿದ್ರು. ಅಪ್ಪ ಸವಾರಾನೇ. ಮೂರು ಮೆಡಲ್ಲು."

"ಹಂಗಾದ್ರೆ ಹುಡುಗ ನಮ್ಮೋನಾದ್ನಾ?"

"ಆದ."

ಅವಳು ಒಳಗೆ ತಿರುಗಿ ಮಗಳನ್ನು ಕರೆಯಲು ಬಾಯಿ ತೆರೆದಳು. ಏಕಾಂತಪ್ಪ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ.

"ಸೋಮವಾರ ಬರ್ತಾನೆ" ಎಂದ.

"ನಿಶ್ಚಯಕ್ಕಾ?"

"ಅವರಜ್ಜಿನ ಬಿಟ್ಟುಹೋಗೋಕೆ. ನನಗೆ ದೊಡ್ಡವ್ವ ಆಗ್ಬೇಕು. ಇನ್ಮೇಲೆ ಮೈದುನನ ಮನೇಲೇ ಇರ್ತಾರಂತೆ. ಅಷ್ಟರೊಳಗೆ ಒಂದು ಎಮ್ಮೆ ತಂದು ಕಟ್ಟಿರ್ಬೇಕು ಅಂತ ಹೇಳಿದಾರೆ."