ಜಪಾನಿನ ಚಹಾಕ್ಕೊಂದು ಬಟ್ಟಲು

ಸಂಸಾರಸ್ಥನಾದ ಗಂಡಸಿಗೆ ಮನೆಯಲ್ಲಿ ಎಷ್ಟು ಅಧಿಕಾರವಿದೆ ಎಂದು ತಿಳಿಯಬೇಕಾದರೆ ಅವನು ಒಂದು ಪಾತ್ರೆ ಕೊಂಡು ತಂದು ನೋಡಬೇಕು. ಪಂಚವಾರ್ಷಿಕ ಯೋಜನೆಯ ಬಗ್ಗೆ ನಾನು ಮಾತನಾಡಿದರೆ ನಮ್ಮ ಮನೆಯಲ್ಲಿ ತಲೆದೂಗಿ ಕೇಳುತ್ತಾರೆ. ಕೊರಿಯಾ ಯುದ್ಧದ ಬಗ್ಗೆಯೂ ಕೇಳಿದ್ದರು. ಆದರೆ ಒಂದು ತಪ್ಪಲೆಯ ವಿಷಯಕ್ಕೆ ಬಾಯಿ ಹಾಕಿದೆನೋ, ನನ್ನ ಹೆಂಡತಿ ಸರೋಜ, “ನಿಮಗೇನು ಗೊತ್ತಾಗುತ್ತೆ, ಸುಮ್ನಿರಿ” ಎಂದುಬಿಡುತ್ತಾಳೆ. ಮೈಸೂರು ಬಿಟ್ಟು ಮುಂಬಯಿಯ ಮಾಟುಂಗದಲ್ಲಿ ಮನೆ ಹೂಡಿದ ಹೊಸದರಲ್ಲಿ ನಾನೇ ಆರಿಸಿ ತಂದ ಹಿತ್ತಾಳೆ ಬೋಗುಣಿ ಈಗ ಗ್ಯಾಲರಿಯಲ್ಲಿ ಪಾರಿವಾಳಗಳಿಗೆ ನೀರಿಡುವುದಕ್ಕಿದೆ. ಪಾರಿವಾಳಗಳೂ ಅದರಲ್ಲಿ ಮನಸ್ಸಿಟ್ಟು ಕುಡಿಯುವುದಿಲ್ಲ. ಇಂಥ ನಾನು ಒಂದು ಬಟ್ಟಲನ್ನು ಆರಿಸಿ ಇಡೀ ಮನೆಯ ಬಾಯಿ ಮುಚ್ಚಿಸಿದೆ ಎಂದರೆ ನೀವು ನಂಬಲಾರಿರಿ. ಅದಕ್ಕೇ ವಿವರವಾಗಿ ಹೇಳುತ್ತಿದ್ದೇನೆ.

ನಮ್ಮ ಆಫೀಸು ಬಟ್ಟೆ ಗಿರಣಿಗಳಿಗೆ ಮಗ್ಗದ ಯಂತ್ರಗಳನ್ನು ತರಿಸಿಕೊಡುತ್ತದೆ. ಅವನ್ನು ಜೋಡಿಸಲು ಜಪಾನಿನಿಂದ ಹಾಯಾಶಿ ಎಂಬ ಇಂಜಿನಿಯರ್ ಬಂದಿದ್ದರು. ತುಂಬ ಮರ್ಯಾದಸ್ಥರು, ಲಿಫ್ಟಿನವನಿಗೂ ಬಗ್ಗಿ ನಮಸ್ಕರಿಸುವವರು. ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದು, ಸರೋಜಳ ಸಾರನ್ನು ಮೂರು ಸಲ ಹಾಕಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡರು. ಅದು ಸಂತೋಷವೋ ಮೆಣಸೋ ತಿಳಿಯಲಿಲ್ಲ. ಆ ಋಣಕ್ಕೆ ಪ್ರತಿಯಾಗಿ, ಊರಿಗೆ ಹೊರಡುವ ಮೊದಲು ಇನ್ನೊಂದು ಭಾನುವಾರ ನಮ್ಮ ಮನೆಗೇ ಬಂದು ತಮ್ಮ ದೇಶದ ಚಹಾ ಮಾಡಿಕೊಡುವುದಾಗಿ ಹೇಳಿದರು. ಹಸಿರು ಪುಡಿಯ ಡಬ್ಬಿಯನ್ನೂ ಅದನ್ನು ಕದಡುವ ಬಿದಿರಿನ ಕುಂಚವನ್ನೂ ಮುಂಚಿತವಾಗಿಯೇ ನನ್ನ ಕೈಗಿತ್ತರು. ಅವರ ಬಟ್ಟಲು ಹಡಗಿನಲ್ಲಿ ಒಡೆದುಹೋಗಿತ್ತಂತೆ. ಬಟ್ಟಲು ಮನೆಯ ಯಜಮಾನ ಆರಿಸಿದ್ದಾದರೆ ಇನ್ನೂ ಶ್ರೇಷ್ಠ, ನೀವೇ ಆರಿಸಿ ಎಂದರು. ಲೋಹದ್ದು ಕೂಡದು, ಕುಂಚ ಆಡುವಷ್ಟು ಅಗಲವಿರಬೇಕು. ಅದೇ ಬಟ್ಟಲಿನಿಂದ ಎಲ್ಲರೂ ಸರದಿಯಂತೆ ಕುಡಿಯುವುದು ಅವರ ಪದ್ಧತಿ.

ಈ ಕೊನೆಯ ಮಾತನ್ನು ಮನೆಯಲ್ಲಿ ನಾನು ಆದಷ್ಟು ಮೆಲ್ಲಗೆ ಹೇಳಿದೆ. ಆದರೂ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದ ಅಮ್ಮನಿಗೆ ಕೇಳಿಸಿಬಿಟ್ಟಿತು.

“ಒಬ್ಬರ ಎಂಜಲು ಒಬ್ಬರು ಕುಡಿಯೋದೇನೋ, ಸೀನ?”

ನಮ್ಮಮ್ಮ ಲೋಟವನ್ನು ತುಟಿಗೆ ಸೋಕಿಸಿ ನೀರು ಕುಡಿದವರೇ ಅಲ್ಲ. ಎತ್ತಿ, ಗಂಟಲಿಗೇ ಸುರಿದುಕೊಳ್ಳಬೇಕು. ಹನಿ ಆಚೀಚೆ ಬೀಳಕೂಡದು. ನಮ್ಮನ್ನೆಲ್ಲ ಹಾಗೆಯೇ ಬೆಳೆಸಿದ್ದಾರೆ. ಇನ್ನು ಪಿಂಗಾಣಿಯಂತೂ ಉಪ್ಪಿನಕಾಯಿಯ ಜಾಡಿಯ ರೂಪದಲ್ಲಲ್ಲದೆ ಅಡಿಗೆಮನೆಯ ಹೊಸಿಲು ದಾಟುವಂತಿಲ್ಲ. ಜಾಡಿಗೆ ಇಲ್ಲದ ದೋಷ ಕಪ್ಪಿಗೆ ಹೇಗೆ ಬಂತು ಎಂದು ಒಮ್ಮೆ ವಾದ ಮಾಡಿ ಮಧ್ಯಾಹ್ನದ ಕಾಫಿ ಕಳೆದುಕೊಂಡಿದ್ದೇನೆ. ಅಮ್ಮ ತಾವು ಆ ಚಹಾ ಮುಟ್ಟುವುದಿಲ್ಲವೆಂದು ಹೇಳಿಬಿಟ್ಟರು. ಆದರೆ ಮನೆಯ ಹಿರಿಯರಿಗೇ ಮೊದಲ ಬಟ್ಟಲು ಎಂದು ಹಾಯಾಶಿ ನಿಶ್ಚಯಿಸಿಯಾಗಿತ್ತು. ಆ ಒಳ್ಳೆಯ ಮನುಷ್ಯ ಎರಡು ಕೈಯಲ್ಲಿ ಬಟ್ಟಲು ನೀಡುವುದು, ಅಮ್ಮ ಮುಖ ತಿರುಗಿಸುವುದು, ಇದನ್ನು ನೆನೆದೇ ನನಗೆ ಊಟ ಸೇರದಾಯಿತು.

ಸರೋಜ ಸುಮ್ಮನೆ ಕೂರುವವಳಲ್ಲ. “ಬಟ್ಟಲು ನಾನು ನೋಡ್ಕೋತೀನಿ, ನೀವು ಚಾಪೆ ಹಾಸಿ ಸಾಕು” ಎಂದಳು. ನನ್ನ ಕೈಗೆ ಬಂದಿದ್ದ ಒಂದೇ ಒಂದು ಅಧಿಕಾರವೂ ಹೋಗುವ ಹಾಗಾಯಿತು. ಆದರೆ ಅವಳ ಆಯ್ಕೆಗಳೂ ದಡ ಮುಟ್ಟಲಿಲ್ಲ. ಹುಣಿಸೆಹಣ್ಣು ನೆನೆಸುವ ಕಲ್ಲುಮರಿಗೆಯನ್ನು ಎತ್ತಿ ಕುಡಿಯಹೋದರೆ ಹಲ್ಲು ಉದುರುವ ಭಯ. ಜಾಡಿಯ ಮುಚ್ಚಳವನ್ನು ಎಷ್ಟು ತೊಳೆದರೂ ಇಂಗಿನ ವಾಸನೆ. ತೆಂಗಿನ ಚಿಪ್ಪು ನೆಲದ ಮೇಲೆ ನಿಲ್ಲದೆ ಉರುಳಿತು. ಅಷ್ಟೂ ಹೊತ್ತು ನಾನು ಚಾಪೆಯ ಧೂಳು ಕೊಡವುತ್ತಿದ್ದೆ. ಒಳಗೊಳಗೇ ಬಹಳ ಖುಷಿಯಾಗಿತ್ತು.

ಶನಿವಾರ ಸಂಜೆ ಅಮ್ಮನ ಕೆಮ್ಮಿನ ಔಷಧಿಗೆಂದು ಸ್ಟೇಷನ್ ಹತ್ತಿರದ ಕೆಮಿಸ್ಟ್ ಅಂಗಡಿಗೆ ಹೋದೆ. ಕಂಪೌಂಡರ್ ಪಿಂಗಾಣಿಯ ದಪ್ಪ ಬಟ್ಟಲಲ್ಲಿ ಯಾವುದೋ ಪುಡಿ ಅರೆದು, ನೀರು ಬೆರೆಸಿ, ಸೀಸೆಗೆ ಬಗ್ಗಿಸಿದ. ಬಟ್ಟಲಿನ ಅಂಚಿಗೆ ಒಂದು ಪುಟ್ಟ ಮೂತಿ! ಅದರಿಂದ ಔಷಧಿ ನೂಲಿನಂತೆ ಇಳಿಯಿತು, ಒಂದು ಹನಿ ಚೆಲ್ಲಲಿಲ್ಲ. ನನಗೆ ಅಮ್ಮನ ಲೋಟ ನೆನಪಾಯಿತು. ಅಂಥದೇ ಹೊಸದೊಂದು ಬೇಕೆಂದೆ. ಅಂಗಡಿಯ ಗುಜರಾತಿ ಸೇಠ್ ಕೆಲವನ್ನು ಇಳಿಸಿದ. ಒಳಗೆಲ್ಲ ಬೆರಳಾಡಿಸಿ, ನುಣ್ಣಗಿದ್ದ ಒಂದನ್ನು, ಬಿದಿರ ಕುಂಚ ಆಡುವಷ್ಟು ಅಗಲವಾದದ್ದನ್ನು ತೆಗೆದುಕೊಂಡೆ. “ಡಾಕ್ಟರ್ ಹೋ ಕ್ಯಾ, ಸಾಹೇಬ್?” ಎಂದು ಕೇಳಿದ. “ಕಲ್ ತಕ್”, ನಾಳೆಯವರೆಗೆ, ಎಂದೆ ಗಂಭೀರವಾಗಿ.

ಮನೆಯಲ್ಲಿ ಅಮ್ಮ ಅದನ್ನು ಹೊಸಿಲಾಚೆಯೇ ತಡೆದರು. ಮದ್ದು ಅರೆಯುವ ಪಾತ್ರೆ ಎಂದೆ. ಪಾತ್ರೆಯನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದರು. ಆ ಹಸಿರು ಪುಡಿಯೂ ಮದ್ದೇನಾ ಎಂದು ವಿಚಾರಿಸಿದರು. ಮೈಗೆ ಬಹಳ ಒಳ್ಳೆಯದೆಂದು ಹಾಯಾಶಿಯೇ ಹೇಳಿದ್ದರು, ನಾನೇನೂ ಸುಳ್ಳಾಡಲಿಲ್ಲ. “ಮದ್ದಾದ್ರೆ ಮಡಿ ಏನು ಬಂತು, ಒಳಗೆ ತಾ” ಎಂದರು. ಸರೋಜ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ ತಪ್ಪು ಹುಡುಕಿದಳು. ಸಿಗಲಿಲ್ಲ.

ಭಾನುವಾರ ಹಾಯಾಶಿ ಚಾಪೆಯ ಮೇಲೆ ಮಂಡಿಯೂರಿ ಕುಳಿತು, ಪುಡಿ ಹಾಕಿ, ಬಿಸಿನೀರೆರೆದು ಕದಡಿದರು. ಒಂದೆಲಗದ ತಂಬುಳಿಯ ಬಣ್ಣ. ಬಟ್ಟಲನ್ನು ಅಮ್ಮನಿಗೆ ನೀಡಿ ತಲೆ ಬಾಗಿಸಿದರು. ಅಮ್ಮ ಎರಡು ಕೈಯಿಂದ ಎತ್ತಿ, ತಲೆ ಹಿಂದಕ್ಕೆ ಹಾಕಿ, ಮೂತಿಯಿಂದ ಹಸಿರು ಧಾರೆಯನ್ನು ನೇರ ಗಂಟಲಿಗೆ ಇಳಿಸಿದರು. ತುಟಿ ಸೋಕಲಿಲ್ಲ, ಹನಿ ಚೆಲ್ಲಲಿಲ್ಲ. ಕಷಾಯ ಚೆನ್ನಾಗಿದೆ, ಶುಂಠಿ ಬಿದ್ದಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಹೇಳಿ ಸರೋಜಳಿಗೆ ದಾಟಿಸಿದರು. ಅವಳೂ ಎತ್ತಿಯೇ ಕುಡಿದಳು, ನಾನೂ ಕುಡಿದೆ. ಹಾಯಾಶಿ ಕಣ್ಣರಳಿಸಿ ಕುಳಿತಿದ್ದರು. ಆಮೇಲೆ ಬಟ್ಟಲನ್ನು ಕೈಗೆ ತೆಗೆದುಕೊಂಡು, ಮೂತಿಯ ಮೇಲೆ ಬೆರಳಾಡಿಸಿದರು. ಅಡಿಗೆಮನೆಯ ಇಂಥದೇ ಮೂತಿಯ ಬಟ್ಟಲನ್ನು ಚಹಾಕ್ಕೆ ತಂದುಕೊಂಡ ರಸಿಕರು ತಮ್ಮ ದೇಶದಲ್ಲೂ ಇದ್ದರಂತೆ. ಮುಂಬಯಿಯಲ್ಲಿ ಅದನ್ನು ಕಾಣುತ್ತೇನೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲವಂತೆ. ಉಳಿದದ್ದನ್ನು ತಾವೂ ಎತ್ತಿ ಕುಡಿದರು. ಅರ್ಧ ಟೈಗೆ ಹೋಯಿತು. ಮಗುವಿನ ಹಾಗೆ ನಕ್ಕು, ಇದನ್ನು ಆರಿಸಿದವರು ಯಾರು ಎಂದು ಕೇಳಿದರು.

“ಇವರೇ ಆರಿಸಿದ್ದು” ಎಂದಳು ಸರೋಜ.

ಮದುವೆಯಾದಂದಿನಿಂದ ಆ ಮಾತಿಗಾಗಿ ಕಾದಿದ್ದೆ. ಸರಿಯಾಗಿ ಕೇಳಿಸಲಿಲ್ಲವೆಂದು ಹೇಳಿ ಇನ್ನೊಮ್ಮೆ ಹೇಳಿಸಿದೆ.

ಮರುವಾರ ಅವಳು ತಾನಾಗಿಯೇ ನನ್ನನ್ನು ಪಾತ್ರೆ ಅಂಗಡಿಗೆ ಕರೆದುಕೊಂಡು ಹೋದಳು. ಸಾಲಾಗಿ ಕೊಳದಪ್ಪಲೆಗಳನ್ನು ಇಡಿಸಿ, “ಯಾವುದು ತಗೊಳ್ಳೋಣ, ನೀವೇ ಹೇಳಿ” ಎಂದಳು. ನಾನು ಗೆದ್ದವನ ಗತ್ತಿನಲ್ಲಿ ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿದೆ. ಎಲ್ಲವೂ ಒಂದೇ ಥರ ಕಂಡವು, ಒಂದೇ ಥರ ಸದ್ದು ಮಾಡಿದವು. ಕಡೆಗೆ ಅವಳ ಕಣ್ಣು ಯಾವುದರ ಮೇಲೆ ಮತ್ತೆ ಮತ್ತೆ ಹೋಗುತ್ತಿದೆ ಎಂದು ಗಮನಿಸಿ, ಅದನ್ನೇ ತೋರಿಸಿದೆ.

“ಅಂತೂ ನಿಮಗೂ ಕಣ್ಣು ಬಂತು ಬಿಡಿ” ಎಂದಳು.