ಬಸವನಹುಳುವಿಗೆ ನಾಮಕರಣ

ಮಕ್ಕಳೇ, ನಾನು ನಾಚಿಕೆಯವಳು ಎಂದು ನಿಮಗೆಲ್ಲ ಗೊತ್ತು. ಫೋಟೊ ತೆಗೆಯುತ್ತಾರೆಂದರೆ ಕಂಬದ ಹಿಂದೆ ಹೋಗುವವಳು. ನಿಮ್ಮಪ್ಪನ ಮದುವೆಯ ಆಲ್ಬಮ್ಮಿನಲ್ಲಿ ನನ್ನದೆಂದು ಇರುವುದು ಒಂದು ಮೊಣಕೈ ಮಾತ್ರ. ಅಂಥವಳ ಹೆಸರನ್ನು ನಿಮ್ಮ ಸೌಮ್ಯಕ್ಕ ಒಂದು ಬಸವನಹುಳುವಿಗೆ ಇಡಲು ಹೊರಟರೆ ನನ್ನ ಗತಿ ಏನಾಗಬೇಡ!

ಹುಳುವೇನೂ ಜೀವಂತವಲ್ಲ. ಅರಿಯಲೂರಿನ ಕಡೆ ಒಂದು ಕಾಲದಲ್ಲಿ ಸಮುದ್ರವಿತ್ತಂತೆ. ಅದರಲ್ಲಿ ಬಾಳಿ, ವಂಶವೇ ಅಳಿದು, ಕಲ್ಲಾಗಿ ಉಳಿದದ್ದು. ಅಂಥ ಕಲ್ಲುಗಳನ್ನು ಹುಡುಕಿ ಓದುವುದೇ ಸೌಮ್ಯಳ ಕೆಲಸ. ಅದು ಹೊಸ ಜಾತಿ ಎಂದು ನಾಲ್ಕು ಜನ ಒಪ್ಪಬೇಕಾದರೆ ಅದರ ಮೈಕಟ್ಟು ವರ್ಣಿಸಬೇಕು, ನೆಂಟ ಜಾತಿಗಳಿಗಿಂತ ಎಲ್ಲಿ ಬೇರೆ ಎಂದು ತೋರಿಸಬೇಕು, ಹೆಸರಿಡಬೇಕು. ನನಗೇನೋ ಅದು ಹೆಣ್ಣು ನೋಡುವ ಶಾಸ್ತ್ರದಂತೆಯೇ ಕಂಡಿತು. ನನ್ನನ್ನು ನೋಡಲು ಬಂದವರೂ ಎತ್ತರ, ಮೂಗು ಎಲ್ಲ ನೋಡಿ, ಅಕ್ಕನ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿದ್ದರು. ಕಲ್ಲಿಗಾದರೆ ತಲೆ ತಗ್ಗಿಸುವ ಕಷ್ಟವಿಲ್ಲ.

ಊರಿಗೆ ಬಂದಿದ್ದ ಸೌಮ್ಯ ಮರುದಿನ ಬೆಳಗಿನ ಬಸ್ಸಿಗೆ ದಿಂಬಂ ಘಾಟಿ ಇಳಿದು ಹೋಗುವುದರೊಳಗೆ ಹೆಸರು ನಿಶ್ಚಯವಾಗಬೇಕಿತ್ತು.

"ನಿನ್ ಎಸ್ರೇ ಕಣಜ್ಜಿ," ಎಂದು ಹಟ ಹಿಡಿದಳು.

"ಉಳಕ್ಕೆ ನನ್ ಎಸ್ರಾ? ಬ್ಯಾಡ ಬುಡವ್ವ, ಊರೋರ್ ನಗ್ತಾರೆ."

ಅವಳು ಕೇಳದೆ ತಾನು ಬರೆದದ್ದನ್ನು ಗಟ್ಟಿಯಾಗಿ ಓದತೊಡಗಿದಳು: "ಮೇಲ್ಮೈ ಒರಟು. ಬಾಯಿ ಕಿರಿದು. ಕೊನೆಯ ಸುತ್ತು ಮುಂದಕ್ಕೆ ಉಬ್ಬಿದೆ."

ಜಗಲಿಯಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದ ಪಕ್ಕದ ಮನೆಯ ಚಿಕ್ಕತಾಯಮ್ಮ ಕೈ ನಿಲ್ಲಿಸಿದಳು. "ಅಕ್ಕ, ಇದು ನಮ್ ಭಾವ್ನೇ ಅಲ್ವಾ! ಬಾಯೇ ಬುಡ್ತಿರ್ನಿಲ್ಲ, ಒಟ್ಟೆ ಮಾತ್ರ ಮುಂದುಕ್ ಬರ್ತಿತ್ತು."

ನನಗೆ ಅಷ್ಟೇ ಸಾಕಾಯಿತು. "ಅಂಗಾದ್ರೆ ನಿಮ್ ತಾತನ್ ಎಸ್ರೇ ಮಡಗವ್ವ," ಎಂದು ಪಾರಾದೆ.

ಪಾರಾದೆ ಎಂದುಕೊಂಡೆ, ಅಷ್ಟೆ. ಕೆಲವು ತಿಂಗಳಿಗೆ ಹುಳುವಿನ ಹೆಸರು ಅಚ್ಚಾಯಿತು. ದೊಡ್ಡಗಾಜನೂರಿನಿಂದ ನಾದಿನಿ ಫೋನು ಮಾಡಿದಳು.

"ಅತ್ಗೆ, ಎಸ್ರೇನ್ ಮಡಗವ್ಳೆ?"

"ಅದೇ... ಅವ್ರದ್ದು."

"ಯಾರದ್ದು?"

"ಸೌಮ್ಯನ್ ತಾತಂದು ಕಣವ್ವ!"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ, ಅವರು ಹೋದ ಮೇಲೂ. ರೇಷನ್ ಅಂಗಡಿಯಲ್ಲಿ ಕೇಳಿದರೂ ನನ್ನ ಪರವಾಗಿ ಚಿಕ್ಕತಾಯಮ್ಮನೇ ಹೇಳುತ್ತಿದ್ದಳು. ಈಗ ಬಂದವರೆಲ್ಲ ಹುಳುವಿನ ಹೆಸರು ಕೇಳುವವರೇ. ಮೊಮ್ಮಗಳ ಹೆಮ್ಮೆಯನ್ನು ನಾಲಿಗೆಯ ತುದಿಯಲ್ಲೇ ಕಟ್ಟಿಹಾಕಿಕೊಂಡು ಎಷ್ಟು ದಿನ ಇರಲಿ? ಬದಲಿಸೆಂದು ಸೌಮ್ಯಳನ್ನು ಬೇಡಿದೆ.

"ಅಚ್ಚಾದ್ ಮೇಲೆ ಆಗಲ್ಲ ಅಜ್ಜಿ. ಆದ್ರೆ ಕೊನೇಲಿ ಲ್ಯಾಟಿನ್ ಬಾಲ ಒಂದ್ ಅಂಟ್ಸಿವ್ನಿ. ಈಗದು ತಾತನ್ ಎಸ್ರಲ್ಲ, ಉಳದ್ ಎಸ್ರು. ನೀನು ಏಳ್ಬೋದು."

ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಒಲೆಯ ಕಡೆ ತಿರುಗಿ, ಬಾಲದ ಸಮೇತ ಹೇಳಿ ನೋಡಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿ. ಬಾಯಿಗೆ ಹಿತವೆನಿಸಿತು. ಮತ್ತೆ ಹೇಳುವಾಗ ಬಾಲ ಎಲ್ಲಿ ಬಿದ್ದುಹೋಯಿತೋ ತಿಳಿಯಲಿಲ್ಲ.

ಸೆರಗು ಸರಿಮಾಡಿಕೊಂಡು ಹೊರಗೆ ಬಂದರೆ ಚಿಕ್ಕತಾಯಮ್ಮ ಜಗಲಿಯಲ್ಲೇ ಇದ್ದಾಳೆ.

"ಒಳಗೆ ಯಾರ್ನಕ್ಕ ಅಷ್ಟೊಂದ್ ಕರೀತಿದ್ದೆ?"

"ಉಳವ ಕಣೆ," ಎಂದೆ.