ಮನೆಯ ಪೂರ್ತಿ ಚರಿತ್ರೆ

ದರ್ಜಿ: ಈಗ ಯಾರ ಹೆಸರಲ್ಲಿದೆ ಅನ್ನೋ ಒಂದು ಪುಟ ಸಾಕು ಕಣೇ! ಮನೆಯ ಪೂರ್ತಿ ಚರಿತ್ರೆ ಕಟ್ಕೊಂಡು ಏನ್ ಮಾಡ್ತೀಯ?

ಹೆಂಡತಿ: ದಾರಿಯುದ್ದಕ್ಕೂ ತಲೆ ತಿಂದವರು ನೀವೇ ಅಲ್ವೇನ್ರೀ? ಬ್ಲಾಕ್‌ಚೈನ್ ಅಂತೆ, ಒಂದೇ ದಾಖಲೆ ನಲವತ್ತು ಕಚೇರೀಲಿ ಇರುತ್ತಂತೆ, ಬರೆದವನೇ ಬಂದ್ರೂ ಅಳಿಸೋಕ್ಕಾಗಲ್ವಂತೆ! ಪೂರ್ತಿ ಕೊಡಿ ಸಾರ್.

ಭೂದಾಖಲೆ ಕಚೇರಿಯ ಗುಮಾಸ್ತರು ಕಿಟಕಿಯೊಳಗಿಂದ ಇಬ್ಬರನ್ನೂ ನೋಡಿ ಗುಂಡಿ ಒತ್ತಿದರು. ದರ್ಜಿ ಬಾಗಿಲ ಕಡೆ ನೋಡಿದ. ಮನೆಯನ್ನು ಜಂಟಿ ಹೆಸರಿಗೆ ಮಾಡಿಸಿದ್ದೇನೆಂದು ವರ್ಷದಿಂದ ಮೀಸೆ ತಿರುವಿಕೊಂಡು ಓಡಾಡಿದ ಮಹಾನುಭಾವ ಇವನೇ. ನಡುನಡುವೆ ಮೊಬೈಲಿನಲ್ಲಿ ಏನೇನು ಒತ್ತಿದ್ದನೋ ಅದು ಅವನ ಹೆಬ್ಬೆರಳಿಗಷ್ಟೇ ಗೊತ್ತಿತ್ತು.

ಗುಮಾಸ್ತರು: ಹೋದ ವರ್ಷ ಮಾರ್ಚ್ ನಾಲ್ಕು, ಬೆಳಿಗ್ಗೆ. ಹೆಂಡತಿ ಹೆಸರು ಸೇರಿಸೋಕೆ ಅರ್ಜಿ. ಅದೇ ದಿನ ಸಂಜೆ, ಅರ್ಜಿ ವಾಪಸ್.

ಹೆಂಡತಿ: ನಮ್ಮಣ್ಣ ಬಂದಿದ್ದ ದಿನ!

ದರ್ಜಿ: ನಾನು ಹೊಲಿದ ಷರಟನ್ನ ಗೋಣಿಚೀಲ ಅಂದ್ರೆ ಸುಮ್ನಿರ್ಬೇಕಾ?

ಗುಮಾಸ್ತರು: ಐದನೇ ತಾರೀಖು, ಮತ್ತೆ ಅರ್ಜಿ.

ದರ್ಜಿ: ನೋಡಿದ್ಯಾ? ಮನಸ್ಸು ಕರಗಿತ್ತು.

ಹೆಂಡತಿ: ಕರಗಿದ್ದು ಮನಸ್ಸಲ್ಲ, ಹೊಟ್ಟೆ. ಎರಡು ಹೊತ್ತು ಒಲೆ ಹಚ್ಚಿರಲಿಲ್ಲ ನಾನು.

ಗುಮಾಸ್ತರು: ಏಳಕ್ಕೆ ವಾಪಸ್. ಒಂಬತ್ತಕ್ಕೆ ಅರ್ಜಿ...

ದರ್ಜಿ: ಸಾರ್, ಗಂಟಲು ನೋಯುತ್ತೆ, ಸ್ವಲ್ಪ ನೀರು ಕುಡೀರಿ.

ಗುಮಾಸ್ತರು: ಪರವಾಗಿಲ್ಲ ಸಾರ್, ಇಷ್ಟು ಚೆನ್ನಾಗಿರೋ ದಾಖಲೆ ಓದಿ ಎಷ್ಟು ದಿನ ಆಯ್ತೋ! ಹತ್ತಕ್ಕೆ ಜಂಟಿ ಆಯ್ತು. ಆಮೇಲೆ ಹೋದ ವಾರ... ಅಯ್ಯೋ, ಒಂದು ಹೆಸರು ತೆಗೆದಿದ್ದಾರೆ.

ಹೆಂಡತಿಯ ಮುಖ ಸಪ್ಪಗಾಯಿತು. ಭೂಮಿ ಬಾಯಿಬಿಡಬಾರದೇ ಎನಿಸಿತು ದರ್ಜಿಗೆ.

ಹೆಂಡತಿ: ಇಪ್ಪತ್ತೆರಡು ವರ್ಷ ನಿಮ್ಮ ಅಂಗಡಿಯ ಗುಂಡಿಯೆಲ್ಲ ಹೊಲಿದವಳು ರೀ ನಾನು! ಆ ಮನೆ ಎದ್ದಿದ್ದೇ ಇಬ್ಬರ ಸೂಜಿಯಿಂದ.

ದರ್ಜಿ: ಕೋಪದಲ್ಲಿ ಒತ್ಬಿಟ್ಟೆ ಕಣೇ, ಅದು ದಾಖಲಾಗಿರಲ್ಲ ಅಂದ್ಕೊಂಡಿದ್ದೆ, ತಪ್ಪಾಯ್ತು. ಕನ್ನಡಕಾನೂ ಹಾಕಿರಲಿಲ್ಲ. ಸಾರ್, ನಿಮ್ಮ ದಮ್ಮಯ್ಯ, ಅಳಿಸಿಬಿಡಿ!

ಗುಮಾಸ್ತರು: ಅಳಿಸೋಕ್ಕಾಗಲ್ಲ. ಆದ್ರೆ ಅಮ್ಮಾ, ನೀವ್ಯಾಕೆ ಅಳ್ತೀರ? ಇನ್ನೊಬ್ಬರ ಹೆಸರು ತೆಗೆಯೋಕೆ ಅವರ ಒಪ್ಪಿಗೆ ಬೇಕು, ತಮ್ಮದು ತೆಗೆಯೋಕೆ ತಮ್ಮ ಹೆಬ್ಬೆಟ್ಟೇ ಸಾಕು. ಯಜಮಾನ್ರು ತಮ್ಮ ಹೆಸರನ್ನೇ ತೆಗೆದುಹಾಕಿದ್ದಾರೆ. ಮನೆ ಪೂರ್ತಿ ನಿಮ್ದು.

ದರ್ಜಿ ಬೆಂಚಿನ ಮೇಲೆ ಕುಸಿದು ಕೂತ. ಹೆಂಡತಿ ಕಣ್ಣೊರೆಸಿಕೊಂಡಳು, ಆದರೆ ನಗು ತಡೆಯಲು ಅವಳಿಂದಾಗಲಿಲ್ಲ.

ದರ್ಜಿ: ಹಾಗಾದ್ರೆ ಆ ಮನೇಲಿ ನಾನ್ಯಾರು ಸಾರ್?

ಗುಮಾಸ್ತರು: ‘ವಾಸವಿರುವವರು’ ಅಂತ ಒಂದು ಕಾಲಂ ಇದೆ. ಮಾಲೀಕರು ಒಪ್ಪಿದ್ರೆ ನಿಮ್ಮ ಹೆಸರು ಹಾಕ್ತೀನಿ.

ಹೆಂಡತಿ: ಹಾಕಿ ಸಾರ್, ಪಾಪ. ಪೆನ್ಸಿಲಲ್ಲಿ ಬರೆಯೋಕಾಗುತ್ತಾ?